ಧ್ಯಾನ ಎಂದರೇನು?



‘ಕಣ್ಣು ಮುಚ್ಚಿ ಕೂತರೆ ಸೊಪ್ಪು ಕೀಳುವವರು ಯಾರು, ಉಪದೇಶಿಗಳೇ?’ ಎಂದು ನೀವು ಕೇಳುವುದುಂಟು.

ನಮ್ಮ ‘ಧ್ಯಾನ’ ಸಂಸ್ಕೃತದ ‘ಧ್ಯೈ’ ಧಾತುವಿನಿಂದ ಬಂದದ್ದು, ಚಿಂತಿಸು ಎಂದರ್ಥ. ಆದರೆ 1ನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನ ವಿಷಯ ಬರುವಲ್ಲಿ ಹೀಬ್ರೂ ಮೂಲದ ಮಾತು ‘ಹಾಗಾ’. ಬಾಯಲ್ಲೇ ಗುನುಗುವುದು ಎಂದು ಅದರ ಅರ್ಥ. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ಸಿಂಹ ಗುರುಗುಟ್ಟುವುದಕ್ಕೂ (31:4), ರೋಗಿಯಾದ ಹಿಜ್ಕೀಯನು ಪಾರಿವಾಳದಂತೆ ನರಳಿದ್ದಕ್ಕೂ (38:14) ಅದೇ ಮಾತು.

ಅಂದಮೇಲೆ ಧ್ಯಾನಕ್ಕೆ ಬಿಡುವು ಬೇಕಿಲ್ಲ. ಕೈ ಗಿಡದ ಮೇಲಿದ್ದರೂ ತುಟಿ ನಮ್ಮದೇ. ಕಲಿತ ಒಂದು ವಾಕ್ಯವನ್ನು ಸಾಲು ಮುಗಿಯುವವರೆಗೆ ಗುನುಗಿರಿ. ತೂಕದಲ್ಲಿ ಕಡಿತವಾದ ಸಂಜೆ ಬರುವ ನರಳಿಕೆಯನ್ನು ಮನೆಯವರ ಮೇಲೆ ಗೊಣಗಿ ಕಳೆಯಬೇಡಿರಿ. ದೇವರ ಮುಂದೆ ಇಡಿರಿ; ಮರುದಿನ ಸಂಘದ ಮುಂದೆಯೂ ಇಡಿರಿ.