ಆಟ ಬಿಟ್ಟ ಮೇಲಿನ ಸಂಬಳ



ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಮಕ್ಕಳನ್ನು ಕರೆತರುವ ಅಪ್ಪ-ಅಮ್ಮಂದಿರ ಪ್ರಶ್ನೆ ಒಂದೇ: 'ಆಡಿದ್ರೆ ಮುಂದೆ ಕೆಲಸ ಸಿಗುತ್ತಾ ಸಾರ್?' ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಇದೇ ಮಾತು. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ನನಗೆ ಮಾತ್ರ ಇದು ಬುದ್ಧಿವಂತರ ಪ್ರಶ್ನೆ ಅನ್ನಿಸುತ್ತದೆ.

ಅಮೆರಿಕದ ಜೂನಿಯರ್ ಬ್ರಿಡ್ಜ್‌ಮನ್ ಅವರನ್ನು ನೋಡಿ. ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಮಗ. 1975ರಲ್ಲಿ ಎನ್‌ಬಿಎ ಲೀಗ್ ಸೇರಿ 12 ಸೀಸನ್ ಬಾಸ್ಕೆಟ್‌ಬಾಲ್ ಆಡಿದರು. ಬಹುಪಾಲು ಮಿಲ್ವಾಕಿ ಬಕ್ಸ್ ತಂಡಕ್ಕೆ, ಅದೂ ಬೆಂಚಿನಿಂದ ಎದ್ದುಬರುವ ಆರನೆಯ ಆಟಗಾರನಾಗಿ. ಒಂದು ವರ್ಷಕ್ಕೆ ಅವರಿಗೆ ಸಿಕ್ಕ ಅತಿ ದೊಡ್ಡ ಸಂಬಳ ಸುಮಾರು ಮೂರೂವರೆ ಲಕ್ಷ ಡಾಲರ್. ಆಗಿನ ಕಾಲ ಹಾಗಿತ್ತು: 1984-85ರಲ್ಲಿ ಒಂದಿಡೀ ತಂಡದ ಸಂಬಳದ ಮಿತಿಯೇ 36 ಲಕ್ಷ ಡಾಲರ್. 2024-25ರಲ್ಲಿ ಅದು 14 ಕೋಟಿ ಡಾಲರ್ ದಾಟಿತು.

1987ರಲ್ಲಿ ಆಟ ಬಿಟ್ಟ ಬ್ರಿಡ್ಜ್‌ಮನ್ ವೆಂಡೀಸ್ ಎಂಬ ಬರ್ಗರ್ ಹೋಟೆಲುಗಳಿಗೆ ಹಣ ಹಾಕಿದರು. ಬರೀ ಹಣ ಹಾಕಿ ಕೂರಲಿಲ್ಲ. ಅಡುಗೆಮನೆಯಲ್ಲಿ ನಿಂತು ಬರ್ಗರ್ ಬೇಯಿಸಿದರು, ಕೌಂಟರಿನಲ್ಲಿ ಕೆಲಸ ಮಾಡಿದರು. ನೂರಾರು ಹೋಟೆಲುಗಳ ಒಡೆಯರಾದರು, ಅವನ್ನು ಮಾರಿ ಕೋಕಾಕೋಲಾ ಬಾಟ್ಲಿಂಗ್‌ಗೆ ಇಳಿದರು. 2024ರಲ್ಲಿ, ಒಂದು ಕಾಲಕ್ಕೆ ತಮಗೆ ಸಂಬಳ ಕೊಟ್ಟ ಬಕ್ಸ್ ತಂಡದಲ್ಲೇ ಪಾಲು ಕೊಂಡರು! 2025ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರು ನೂರು ಕೋಟಿ ಡಾಲರಿಗೂ ಮೇಲ್ಪಟ್ಟ ಆಸ್ತಿಯ ಧಣಿ.

ಅದೇ ಲೀಗಿನ ಆಂಟ್ವಾನ್ ವಾಕರ್ ಆಟದಿಂದಲೇ 10 ಕೋಟಿ ಡಾಲರಿಗೂ ಹೆಚ್ಚು ಗಳಿಸಿದರು, 2006ರಲ್ಲಿ ಚಾಂಪಿಯನ್ ಆದರು, 2010ರಲ್ಲಿ ದಿವಾಳಿ ಅರ್ಜಿ ಹಾಕಿದರು. ಮನೆ-ಜಾಗದ ವ್ಯವಹಾರ ಕೈಕೊಟ್ಟಿತ್ತು.

ನಮ್ಮಲ್ಲಿ ಕಥೆಯೇ ಬೇರೆ. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ದೇಶವೇ ಕುಣಿಯಿತು. ಎನ್‌ಬಿಎ ಅಂಕಣದಲ್ಲಿ ಒಂದು ಪಂದ್ಯವನ್ನೂ ಆಡದೆ ಕೊನೆಗೆ ಕುಸ್ತಿ ಪ್ರದರ್ಶನದ ಕಡೆ ಹೋದರು. ಕಬಡ್ಡಿಗೆ ಆಟಗಾರರ ಹರಾಜಿನ ದುಡ್ಡು ಬಂತು: 2014ರಲ್ಲಿ ಅತಿ ಹೆಚ್ಚಿನ ಬೆಲೆ 12.80 ಲಕ್ಷ ರೂಪಾಯಿ. 2022ರಲ್ಲಿ ಪವನ್ ಸೆಹ್ರಾವತ್‌ಗೆ 2.26 ಕೋಟಿ. ಬೆಂಗಳೂರಿನ ಬಾಸ್ಕೆಟ್‌ಬಾಲ್ ಆಟಗಾರರನ್ನು ಸಾಕಿದ್ದು ಹರಾಜಲ್ಲ, ಹಾಜರಿ ಪುಸ್ತಕ. ವಿಜಯಾ ಬ್ಯಾಂಕ್ ತಂಡವನ್ನೇ ನೆನೆಯಿರಿ: ಮಂಡಿ ಸವೆದು ಅಂಕಣ ಬಿಟ್ಟರೂ ಕುರ್ಚಿ ಇರುತ್ತಿತ್ತು, ನಿವೃತ್ತಿಯವರೆಗೆ ತಿಂಗಳ ಸಂಬಳ ಬರುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಹರಾಜಿನ ಕೋಟಿಗಳಿಗಿಂತ ಈ ಕುರ್ಚಿಯೇ ಹೆಚ್ಚು ಮನೆಗಳನ್ನು ಕಾಪಾಡಿದೆ ಎನ್ನುವವನು ನಾನು. ಬ್ರಿಡ್ಜ್‌ಮನ್ ಆಗುವವರು ಎಲ್ಲೋ ಒಬ್ಬರು.

ಹಾಗಾಗಿ ಆ ಅಪ್ಪ-ಅಮ್ಮಂದಿರಿಗೆ ನಾನು ಹೇಳುವುದು ಕಾಗದದ ವಿಷಯ. ಕೇಂದ್ರ ಸರ್ಕಾರದ ಕೆಲಸಗಳ ಕ್ರೀಡಾ ಕೋಟಾದಲ್ಲಿ ನಮೂನೆ 1ರಿಂದ 4ರವರೆಗೆ ಪ್ರಮಾಣಪತ್ರಗಳಿವೆ. ರಾಜ್ಯದ ಪರ ರಾಷ್ಟ್ರೀಯ ಟೂರ್ನಿ ಆಡಿದವರಿಗೆ ನಮೂನೆ 2. ದಾವಣಗೆರೆ ವಿಶ್ವವಿದ್ಯಾಲಯದ ಪರ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದವರಿಗೆ ನಮೂನೆ 3, ಅದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿಯ ಸಹಿ ಬೇಕು. ಟ್ರೋಫಿ ಶೋಕೇಸಿನಲ್ಲಿಡಿ, ಬೇಡ ಎನ್ನುವುದಿಲ್ಲ. ಆದರೆ ಸಹಿಯನ್ನು ಆ ವರ್ಷವೇ ಹಾಕಿಸಿಕೊಳ್ಳಿ. ಅಧಿಕಾರಿ ವರ್ಗವಾಗಿ ಹೋದ ಮೇಲೆ ಅಲೆಯುವುದು ಕಷ್ಟ.