ನೀರು ಇಳಿದ ಮೇಲಿನ ಮೂರು ವಾರ



ಗುಜರಾತಿನ ಅಹಮದಾಬಾದ್, ವಡೋದರ ಮತ್ತು ಸೂರತ್ ನಗರಗಳಲ್ಲಿ ನಮ್ಮ ಕನ್ನಡದ ಮನೆಗಳು ಸಾಕಷ್ಟಿವೆ. ನಿಮ್ಮಲ್ಲಿ ಎಷ್ಟೋ ಜನರ ಮಗಳೋ, ತಮ್ಮನೋ, ಹಳೆಯ ನೆರೆಯವರೋ ಅಲ್ಲಿರಬಹುದು. ಬ್ಯಾಂಕಿನ ವರ್ಗಾವಣೆಯಾಗಿ ಹೋದವರು, ವಡೋದರದ ಬಳಿಯ ಕೋಯಲಿ ರಿಫೈನರಿಯಲ್ಲಿ ಕೆಲಸಕ್ಕೆ ಸೇರಿದವರು, ಸೂರತ್ತಿನ ಹಜೀರಾ ಕಾರ್ಖಾನೆಗಳಿಗೆ ಹೋದವರು, ಉಡುಪಿ ಕಡೆಯಿಂದ ಹೋಗಿ ಹೋಟೆಲು ಇಟ್ಟವರು, ಹೀಗೆ ಹಲವು ಬಗೆಯವರು. ಉಪಗ್ರಹ ವಿಜ್ಞಾನಿ ಯು. ಆರ್. ರಾವ್ ಅವರೂ ಅದಮಾರಿನಿಂದ ಹೊರಟು ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿಯವರ ಬಳಿ ಸಂಶೋಧನೆ ಮಾಡಿದವರು.

ಈ ಊರುಗಳಲ್ಲಿ ಜೋರು ಮಳೆಯಾದ ಸುದ್ದಿ ಬಂದ ಕೂಡಲೇ ನಮ್ಮ ಕಡೆಯಿಂದ ಫೋನು ಹೋಗುತ್ತದೆ. "ಟಿ.ವಿ.ಯಲ್ಲಿ ನೋಡಿದೆವು, ನಿಮ್ಮ ಮನೆಗೆ ನೀರು ಬಂತಾ? ಮಕ್ಕಳಿಗೆ ಶಾಲೆ ಇದೆಯಾ?" ಎಂದು ಕೇಳುತ್ತೇವೆ. ನೀರು ಇಳಿಯಿತು, ಶಾಲೆ ಶುರುವಾಯಿತು ಎಂಬ ಉತ್ತರ ಬಂದರೆ ನಮಗೆ ನೆಮ್ಮದಿ. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಇವತ್ತು ನಾನು ನಿಮಗೆ ಹೇಳಬೇಕೆಂದಿರುವುದು ಒಂದೇ ಮಾತು. ನೀರು ಇಳಿದ ದಿನ ಮನೆಯ ಕಷ್ಟ ಮುಗಿಯುವುದಿಲ್ಲ. ಮಕ್ಕಳ ಆರೋಗ್ಯದ ಮಟ್ಟಿಗೆ ಎಚ್ಚರದ ದಿನಗಳು ಆಮೇಲೆಯೇ ಬರುತ್ತವೆ.

ಮೊದಲು ಈ ಮೂರು ಊರುಗಳ ಮಳೆಯ ಸ್ವಭಾವ ನೋಡೋಣ. ಗುಜರಾತಿನಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ. ಮುಂಗಾರು ಅಲ್ಲಿಗೆ ಮುಟ್ಟುವುದೂ ಅದೇ ತಿಂಗಳಲ್ಲಿ. ಅಂದರೆ ಹೊಸ ಪುಸ್ತಕ, ಹೊಸ ಸಮವಸ್ತ್ರ, ಹೊಸ ಮಳೆ ಎಲ್ಲವೂ ಒಟ್ಟಿಗೇ ಬರುತ್ತವೆ. ಅರಬ್ಬಿ ಸಮುದ್ರದ ಚಂಡಮಾರುತಗಳು ಇನ್ನೂ ಮುಂಚೆಯೇ ಬರುವುದುಂಟು. ತೌಕ್ತೆ 2021ರ ಮೇ 17ರಂದು, ಬಿಪರ್ಜಾಯ್ 2023ರ ಜೂನ್ 15ರಂದು ಗುಜರಾತಿನ ಕರಾವಳಿಗೆ ಅಪ್ಪಳಿಸಿದ್ದವು.

ಸೂರತ್ತಿನಲ್ಲಿ ಊರೊಳಗೆ ದೊಡ್ಡ ಮಳೆ ಬೀಳದಿದ್ದರೂ ನೀರು ಬರಬಹುದು. ತಾಪಿ ನದಿಯ ಮೇಲ್ಭಾಗದಲ್ಲಿ, ಊರಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಉಕಾಯಿ ಅಣೆಕಟ್ಟೆ ಇದೆ. 2006ರ ಆಗಸ್ಟ್ ಎರಡನೇ ವಾರದಲ್ಲಿ ಮೇಲಿನ ಪ್ರದೇಶದ ಮಳೆಯಿಂದ ಅಣೆಕಟ್ಟೆ ತುಂಬಿ, ಸುಮಾರು 9 ಲಕ್ಷ ಕ್ಯುಸೆಕ್ಸ್‌ವರೆಗೆ ನೀರು ಬಿಡಬೇಕಾಯಿತು. ಊರಿನ ಬಹುಭಾಗ ದಿನಗಟ್ಟಲೆ ನೀರಿನಲ್ಲಿ ನಿಂತಿತು. ವಡೋದರದಲ್ಲಿ ವಿಶ್ವಾಮಿತ್ರಿ ನದಿ ಊರಿನ ನಡುವೆಯೇ ಹರಿಯುತ್ತದೆ, ಅದರಲ್ಲಿ ಮೊಸಳೆಗಳೂ ಇವೆ. 2019ರ ಜುಲೈ 31ರಂದು ಅಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿದು ಮೊಸಳೆಗಳು ಬೀದಿಗೆ ಬಂದವು. 2024ರ ಆಗಸ್ಟ್ ಕೊನೆಯಲ್ಲಿ ನದಿ ಅಪಾಯದ ಮಟ್ಟಕ್ಕಿಂತ ಹತ್ತಡಿಯಷ್ಟು ಮೇಲೆ ಹರಿಯಿತು. ಅಹಮದಾಬಾದ್ ಸ್ವಲ್ಪ ಒಣ ಊರು. ಅಲ್ಲಿ ತೊಂದರೆ ಕೊಡುವುದು ಕೆಲವೇ ಗಂಟೆಗಳಲ್ಲಿ ಬೀಳುವ ಜಡಿಮಳೆ. 2022ರ ಜುಲೈ 10ರಂದು ಹಾಗೆ ಸುರಿದಾಗ ಪಾಲ್ಡಿಯಂಥ ಬಡಾವಣೆಗಳು, ರಸ್ತೆಯ ಅಂಡರ್‌ಪಾಸುಗಳು ತುಂಬಿದವು. ಮರುದಿನ ಶಾಲೆಗಳಿಗೆ ರಜೆ ಕೊಟ್ಟರು.

ಈಗ ಅಂಥದ್ದೊಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಗಂಡನಿಗೆ ಪಾಳಿಯ ಕೆಲಸ. ಹೆಂಡತಿ ಆ ಊರಿಗೆ ಬಂದು ಎರಡು ವರ್ಷವಾಗಿದೆ. ಊರಿನಿಂದ ಅತ್ತೆ ಬಂದಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. ಮಗ ಐದನೇ ತರಗತಿ, ಮಗಳು ಒಂದನೇ ತರಗತಿ. ಮಳೆ ಬಂದ ಎರಡು ದಿನ ಇವರು ಹೇಗೋ ನಿಭಾಯಿಸುತ್ತಾರೆ. ಮೇಲಿನ ಮಹಡಿಯವರು ಕರೆದು ಕೂರಿಸುತ್ತಾರೆ, ಗುಜರಾತಿ ನೆರೆಯವರು ಖಿಚಡಿ ಮಾಡಿ ಕೊಡುತ್ತಾರೆ. ಎಲ್ಲರೂ ಎಚ್ಚರವಾಗಿರುತ್ತಾರೆ. ಮೂರನೆಯ ದಿನ ನೀರು ಇಳಿಯುತ್ತದೆ. ಕೆಸರು ತೊಳೆಯಬೇಕು, ಮಕ್ಕಳ ಪುಸ್ತಕ ಒಣಗಿಸಬೇಕು, ಗಂಡ ಕೆಲಸಕ್ಕೆ ಹೋಗಲೇಬೇಕು. ಎಲ್ಲರೂ ದಣಿದಿರುವ ಆ ಹೊತ್ತಿನಲ್ಲೇ ಕಾಯಿಲೆಗಳು ಒಂದೊಂದಾಗಿ ಬರುತ್ತವೆ. ಅವು ಬರುವುದಕ್ಕೆ ಒಂದು ಕ್ರಮವಿದೆ. ಆ ಕ್ರಮ ತಿಳಿದಿದ್ದರೆ ಗಾಬರಿ ಅರ್ಧ ಕಡಿಮೆ.

ಮೊದಲ ವಾರ ವಾಂತಿ ಭೇದಿಯದು. ಕುಡಿಯುವ ನೀರಿನ ಕೊಳವೆಗೆ, ನೆಲದೊಳಗಿನ ಟ್ಯಾಂಕಿಗೆ ಚರಂಡಿ ನೀರು ಸೇರಿರುತ್ತದೆ. ಆದ್ದರಿಂದ ಟ್ಯಾಂಕನ್ನು ಖಾಲಿ ಮಾಡಿ, ತಿಕ್ಕಿ ತೊಳೆದು, ಕ್ಲೋರಿನ್ ಹಾಕುವವರೆಗೆ ಆ ನೀರನ್ನು ಕುಡಿಯುವುದಕ್ಕಾಗಲೀ ಹಲ್ಲುಜ್ಜುವುದಕ್ಕಾಗಲೀ ಬಳಸಬೇಡಿ. ನೀರು ಬಿಸಿಯಾದರೆ ಸಾಲದು, ಗುಳ್ಳೆ ಎದ್ದು ಕುದಿಯುವುದು ಶುರುವಾದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಮಗುವಿಗೆ ಭೇದಿ ಶುರುವಾದರೆ ಓ.ಆರ್.ಎಸ್. ಪೊಟ್ಟಣವನ್ನು, ಅದರ ಮೇಲೆ ಬರೆದ ಅಳತೆಯ ಶುದ್ಧ ನೀರಿನಲ್ಲಿ ಕದಡಿ, ಚಮಚ ಚಮಚವಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಉಪ್ಪು ಹೆಚ್ಚಾಗಬಾರದು. ಊಟ ನಿಲ್ಲಿಸಬೇಡಿ, ಗಂಜಿ ಮಜ್ಜಿಗೆ ಕೊಡಬಹುದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ ಮನೆಯಲ್ಲಿ ಕಾಯಬೇಡಿ.

ಎರಡನೆಯ ವಾರ ಇಲಿ ಜ್ವರದ ಭಯ. ವೈದ್ಯರು ಇದನ್ನು ಲೆಪ್ಟೋಸ್ಪೈರೋಸಿಸ್ ಎನ್ನುತ್ತಾರೆ. ಸೂರತ್, ನವಸಾರಿ, ವಲಸಾಡ್ ಜಿಲ್ಲೆಗಳ ಭತ್ತ, ಕಬ್ಬಿನ ಗದ್ದೆಗಳಲ್ಲಿ ದುಡಿಯುವವರನ್ನು ಇದು ವರ್ಷಗಳಿಂದ ಕಾಡಿದೆ. ಇಲಿ, ದನಗಳ ಮೂತ್ರ ಸೇರಿದ ನೀರಿನಲ್ಲಿ ನಡೆದಾಗ ಕಾಲಿನ ಸಣ್ಣ ಗಾಯದಿಂದಲೂ ರೋಗಾಣು ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳೊಳಗೆ, ಕೆಲವೊಮ್ಮೆ ತಿಂಗಳಾಗುವ ಹೊತ್ತಿಗೆ ಜ್ವರ ಬರುತ್ತದೆ. ಮೀನಖಂಡದಲ್ಲಿ ಸಹಿಸಲಾಗದ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ, ಮೂತ್ರ ಕಡಿಮೆಯಾಗುವುದು ಇದರ ಗುರುತುಗಳು. ಬೇಗ ಗೊತ್ತಾದರೆ ಇದಕ್ಕೆ ಸಾಮಾನ್ಯ ಔಷಧಿಯೇ ಸಾಕು, ತಡವಾದರೆ ಪ್ರಾಣಕ್ಕೆ ಅಪಾಯ. ವೈದ್ಯರಿಗೆ ಬೇಗ ಗೊತ್ತಾಗಬೇಕಾದರೆ ನೀವು ಒಂದು ಮಾತು ಹೇಳಬೇಕು: "ಹತ್ತು ದಿನದ ಹಿಂದೆ ನೆರೆಯ ನೀರಿನಲ್ಲಿ ನಡೆದಿದ್ದೆವು." ಜ್ವರ ಬರುವ ಹೊತ್ತಿಗೆ ಆ ನೀರು ನಮಗೆ ಮರೆತುಹೋಗಿರುತ್ತದೆ. ಟೈಫಾಯಿಡ್ ಕೂಡ ಈ ಒಂದರಿಂದ ಮೂರು ವಾರಗಳ ನಡುವೆಯೇ ತಲೆಯೆತ್ತುತ್ತದೆ.

ಮೂರನೆಯ ವಾರದಿಂದ ಮುಂದೆ ಸೊಳ್ಳೆಯ ಸರದಿ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಆ ಸೊಳ್ಳೆ ರೋಗಿಯನ್ನು ಕಚ್ಚಿ, ಮತ್ತೊಬ್ಬರಿಗೆ ಡೆಂಗಿಯನ್ನು ದಾಟಿಸಲು ಇನ್ನಷ್ಟು ದಿನ ಬೇಕು. ಹಾಗಾಗಿ ಜುಲೈ, ಆಗಸ್ಟ್ ತಿಂಗಳ ಮಳೆಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಆಸ್ಪತ್ರೆ ತುಂಬುತ್ತದೆ. 2006ರಲ್ಲಿ ಅಹಮದಾಬಾದಿನಲ್ಲಿ ಚಿಕೂನ್‌ಗುನ್ಯಾ ಹರಡಿದಾಗ ಆದದ್ದೂ ಇದೇ. ಆ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಆ ನಗರದಲ್ಲಿ ಹಿಂದಿನ ವರ್ಷಗಳ ಸರಾಸರಿಗಿಂತ ಸುಮಾರು 2,900 ಹೆಚ್ಚು ಸಾವುಗಳು ದಾಖಲಾಗಿದ್ದವು, ಸೆಪ್ಟೆಂಬರಿನಲ್ಲಿ ಅತಿ ಹೆಚ್ಚು ಎಂದು ದಿಲೀಪ್ ಮಾವಳಂಕರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಬರೀ ಕೀಲುನೋವಿನ ಜ್ವರ ಎಂದು ಯಾವ ಜ್ವರವನ್ನೂ ಹಗುರವಾಗಿ ಕಾಣಬಾರದು ಎನ್ನುವುದಕ್ಕೆ ಈ ಮಾತು ಹೇಳಿದೆ.

ಡೆಂಗಿಯಲ್ಲಿ ಇನ್ನೊಂದು ಮೋಸವಿದೆ. ಮೂರು ನಾಲ್ಕು ದಿನ ಸುಟ್ಟ ಜ್ವರ ಇಳಿಯುತ್ತದೆ. ಮಗು ಗುಣವಾಯಿತು, ಯೂನಿಟ್ ಟೆಸ್ಟ್ ಇದೆ, ನಾಳೆ ಶಾಲೆಗೆ ಕಳಿಸೋಣ ಎಂದುಕೊಳ್ಳುತ್ತೇವೆ. ಕೆಲವು ಮಕ್ಕಳಿಗೆ ಅಪಾಯ ಬರುವುದು ಜ್ವರ ಇಳಿದ ಆ ಒಂದೆರಡು ದಿನಗಳಲ್ಲೇ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ವಿಪರೀತ ನಿದ್ದೆ ಮಂಪರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು.

ಚಿಕ್ಕ ಮಕ್ಕಳಿರುವವರು ಇನ್ನೊಂದು ಹೆಸರನ್ನು ನೆನಪಿಡಬೇಕು. 2024ರ ಜುಲೈನಲ್ಲಿ ಗುಜರಾತಿನ ಹಲವು ಜಿಲ್ಲೆಗಳಲ್ಲಿ ಚಾಂದೀಪುರ ವೈರಸ್ ಮಕ್ಕಳ ಜೀವ ತೆಗೆಯಿತು. ಇದನ್ನು ಹರಡುವುದು ಗೋಡೆಯ ಬಿರುಕಿನಲ್ಲಿ ಇರುವ, ಸೊಳ್ಳೆಗಿಂತ ಸಣ್ಣದಾದ ಮರಳುನೊಣ. ಇದು ಗಂಟೆಗಳ ಲೆಕ್ಕದಲ್ಲಿ ಏರುವ ಕಾಯಿಲೆ. ಮಗುವಿಗೆ ಜೋರು ಜ್ವರದ ಜೊತೆ ಫಿಟ್ಸ್ ಬಂದರೆ ಅಥವಾ ಎಚ್ಚರ ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನು ಮಾಡಬೇಕು.

ಇನ್ನು ಶಾಲೆಯ ವಿಚಾರ. ಡೆಂಗಿಯ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಶಾಲೆಯ ವೇಳೆಯೂ ಲೆಕ್ಕಕ್ಕೆ ಬರುತ್ತದೆ. ತುಂಬು ತೋಳಿನ ಅಂಗಿ, ಉದ್ದ ಕಾಲುಚೀಲಕ್ಕೆ ಅನುಮತಿ ಕೇಳಿ. ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ ಶಾಲೆಯ ನೀರಿನ ಟ್ಯಾಂಕು, ಬೇಸಿಗೆಯ ಏರ್ ಕೂಲರುಗಳಲ್ಲಿ ಉಳಿದ ನೀರು, ತಾರಸಿಯ ಮೇಲಿನ ಹಳೆ ಟೈರುಗಳ ಬಗ್ಗೆಯೂ ಕೇಳಿ. ಮನೆಯಲ್ಲಿ ಈ ಕೆಲಸ ಮಕ್ಕಳಿಗೇ ಕೊಡಬಹುದು. ಭಾನುವಾರ ಬೆಳಿಗ್ಗೆ ಕೂಲರು, ಹೂಕುಂಡದ ತಟ್ಟೆ, ಬಾಲ್ಕನಿಯಲ್ಲಿ ಹಕ್ಕಿಗಳಿಗೆ ನೀರಿಡುವ ಮಣ್ಣಿನ ಬೋಗುಣಿ, ಎಲ್ಲವನ್ನೂ ಬರಿದು ಮಾಡಿ ತಿಕ್ಕಲಿ. ವಾರಕ್ಕೊಮ್ಮೆ ಮಾಡಿದರೆ ಸೊಳ್ಳೆ ಹುಟ್ಟುವ ಮೊದಲೇ ಅದರ ಮನೆ ಹೋಗುತ್ತದೆ. ಮಕ್ಕಳ ಅಂಕಪಟ್ಟಿ, ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಶಾಲೆ ಬಿಟ್ಟ ಪ್ರಮಾಣಪತ್ರಗಳನ್ನು ಜೂನಿಗೆ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎತ್ತರದಲ್ಲಿಡಿ. ವರ್ಗಾವಣೆಯ ಕುಟುಂಬಕ್ಕೆ ಇವು ಕೆಟ್ಟರೆ ಎರಡು ರಾಜ್ಯಗಳ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಭಾಷೆಯ ತೊಡಕೂ ಸಣ್ಣದಲ್ಲ. ಮಧ್ಯಾಹ್ನ ಮಗುವಿಗೆ ಜ್ವರ ಏರಿದಾಗ ಮನೆಯಲ್ಲಿ ಇರುವವರು ಅಜ್ಜಿ ಒಬ್ಬರೇ ಆಗಿದ್ದರೆ ಏನು ಗತಿ? ಅವರಿಗೆ ನಾಲ್ಕು ಗುಜರಾತಿ ಮಾತು ಕಲಿಸಿಡಿ. ಜ್ವರಕ್ಕೆ ತಾವ್, ವಾಂತಿಗೆ ಉಲ್ಟಿ, ಭೇದಿಗೆ ಝಾಡಾ, ಕುದಿಸಿದ ನೀರಿಗೆ ಉಕಾಳೇಲು ಪಾಣಿ. ಶಾಲೆಗೆ ಹೋಗುವ ಮೊಮ್ಮಗನೇ ಇದಕ್ಕೆ ಒಳ್ಳೆಯ ಮೇಷ್ಟ್ರು. ರಜೆಗೆ ಅಲ್ಲಿಯೂ ರಜಾ ಎಂದೇ ಹೇಳುತ್ತಾರೆ, ಅದನ್ನು ಯಾವ ಮಗುವೂ ಕಲಿಸಬೇಕಾಗಿಲ್ಲ! ಪಕ್ಕದ ಮನೆಯವರ, ಹತ್ತಿರದ ದವಾಖಾನೆಯ ಫೋನು ನಂಬರನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಗೋಡೆಗೆ ಅಂಟಿಸಿ. ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಮೊದಲೇ ತಂದಿಡಿ. ಅವರ ಪಾದದಲ್ಲಿ ಗಾಯವಿದ್ದರೆ ಕೆಸರು ತೊಳೆಯುವ ಕೆಲಸಕ್ಕೆ ಅವರನ್ನು ಬಿಡಬೇಡಿ.

ಕೊನೆಯದಾಗಿ, ಊರಿಗೆ ಬರುವವರ ಮಾತು. ನೆರೆಯಾದ ಮೇಲೆ ಹೆಂಡತಿ ಮಕ್ಕಳನ್ನು ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸುವುದು ಸಹಜ. ಕಳಿಸಿ, ತಪ್ಪಿಲ್ಲ. ಆದರೆ ಸೂರತ್ತಿನ ನೀರಿನಲ್ಲಿ ನಡೆದ ಮಗುವಿಗೆ ಜ್ವರ ಬರುವುದು ಹುಬ್ಬಳ್ಳಿಯ ಅಜ್ಜಿಯ ಮನೆಯಲ್ಲಿ ಆಗಿರಬಹುದು. ಮಗು ಯಾವ ಊರಿನಿಂದ ಬಂತು, ಎಂದು ಬಂತು, ಯಾವ ನೀರಿನಲ್ಲಿ ನಡೆಯಿತು ಎಂದು ಅಲ್ಲಿಯ ವೈದ್ಯರಿಗೆ ಹೇಳಿ.

ಸೂರತ್ ನಗರದ್ದೇ ಒಂದು ಪಾಠ ನಮ್ಮ ಮುಂದಿದೆ. 1994ರ ಸೆಪ್ಟೆಂಬರಿನಲ್ಲಿ, ಮಳೆಗಾಲದ ಕೊನೆಯಲ್ಲಿ, ಅಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. 1995ರಲ್ಲಿ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರು ದೊಡ್ಡ ಪವಾಡವನ್ನೇನೂ ಮಾಡಲಿಲ್ಲ. ಅಧಿಕಾರಿಗಳನ್ನು ದಿನವೂ ಬೀದಿಗೆ ಇಳಿಸಿದರು, ಕಸವನ್ನು ದಿನವೂ ತೆಗೆಸಿದರು. ಎರಡು ವರ್ಷದೊಳಗೆ ಆ ಊರು ದೇಶದ ಸ್ವಚ್ಛ ನಗರಗಳ ಸಾಲಿಗೆ ಬಂತು. ಮನೆಯಲ್ಲಿಯೂ ಹಾಗೆಯೇ. ದಿನದ ಕುದಿಸಿದ ನೀರು, ವಾರದ ಬರಿದು ಮಾಡಿದ ಬೋಗುಣಿ, ಜ್ವರ ಬಂದ ದಿನವನ್ನು ಕ್ಯಾಲೆಂಡರಿನ ಮೇಲೆ ಬರೆದಿಡುವುದು, ಇಷ್ಟರಿಂದಲೇ ಬಹಳಷ್ಟು ತಪ್ಪುತ್ತದೆ.

ಆದ್ದರಿಂದ ಮಿತ್ರರೇ, ಮಳೆಯ ಸುದ್ದಿ ಬಂದ ದಿನ ನೀವು ಫೋನು ಮಾಡುತ್ತೀರಿ, ಮಾಡಿ. ಒಂದು ವಾರ ಬಿಟ್ಟು ಇನ್ನೊಮ್ಮೆ, ಮೂರನೆಯ ವಾರ ಮತ್ತೊಮ್ಮೆ ಮಾಡಿ. ಶಾಲೆ ಇದೆಯಾ ಎಂಬ ಪ್ರಶ್ನೆಯ ಜೊತೆಗೆ "ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ?" ಎಂದೂ ಕೇಳಿ. ದೂರದಲ್ಲಿರುವವರಿಗೆ ನಾವು ಇಲ್ಲಿಂದ ಮಾಡಬಹುದಾದ ಉಪಕಾರ ಇದು.

ಎಲ್ಲರ ಮನೆಯಲ್ಲೂ ಆರೋಗ್ಯ ನೆಲೆಸಲಿ.