ಪೊಲೀಸರ ಎದೆಕವಚ: ಕಾನೂನು ಎಲ್ಲಿದೆ, ಎಲ್ಲಿಲ್ಲ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅವರವರ ವೃತ್ತಿಯಿಂದ ಮಕ್ಕಳಿಗೆ ಉಪಯೋಗವಾಗುವ ಒಂದು ವಿಷಯ ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ನಾನು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಶಾಲೆಯಲ್ಲಿ ಓದಿ ಖಾಕಿ ತೊಟ್ಟವನು ನಾನೊಬ್ಬನೇ ಅಲ್ಲ. ಇಲ್ಲಿ ಕುಳಿತಿರುವ ಮಕ್ಕಳಲ್ಲಿಯೂ ಕೆಲವರು ನಾಳೆ ಕಾನ್‌ಸ್ಟೆಬಲ್ ಆಗುತ್ತಾರೆ, ಪಿಎಸ್‌ಐ ಆಗುತ್ತಾರೆ. ಅವರ ಮೈಮೇಲೆ ಇರಬೇಕಾದ ಒಂದು ವಸ್ತುವಿನ ಬಗ್ಗೆ ಮಾತನಾಡುತ್ತೇನೆ. ಜನ ಅದನ್ನು ಬುಲೆಟ್ ಪ್ರೂಫ್ ಜಾಕೆಟ್ ಎನ್ನುತ್ತಾರೆ. ಅದನ್ನು ಕೊಡಬೇಕಾದವರು ಯಾರು, ಯಾವ ಗುಣಮಟ್ಟದ್ದು ಕೊಡಬೇಕು, ಕೊಡದಿದ್ದರೆ ಕೇಳುವವರು ಯಾರು, ಇದಕ್ಕೆ ಕಾನೂನು ಏನು ಹೇಳುತ್ತದೆ ಎಂಬುದೇ ನನ್ನ ವಿಷಯ.

ಮೊದಲು ನಮಗೆ ಗೊತ್ತಿರುವ ಕಡೆಯಿಂದಲೇ ಬರೋಣ. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿ ನಡೆಯುತ್ತಿದ್ದಾಗ ಕೆಳಗಿಳಿಯುವ ಕಾರ್ಮಿಕನ ತಲೆಗೆ ಹೆಲ್ಮೆಟ್, ಕಾಲಿಗೆ ರಕ್ಷಣೆಯ ಬೂಟು ಇರಬೇಕೆಂದು 1961ರ ಲೋಹ ಗಣಿ ನಿಯಮಾವಳಿಯೇ ಹೇಳಿತ್ತು. ಕಾರ್ಖಾನೆಯಲ್ಲಿ ಕಿಡಿ ಹಾರುವ ಕೆಲಸ ಮಾಡುವವನ ಕಣ್ಣಿಗೆ ಕನ್ನಡಕ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ ಹೇಳಿತು. ಬೈಕ್ ಓಡಿಸುವ ನಿಮ್ಮ ತಲೆಗೆ ಹೆಲ್ಮೆಟ್ ಬೇಕೆಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೇಳುತ್ತದೆ. ಆ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಇಲ್ಲದಿದ್ದರೆ ಮಾರುವಂತಿಲ್ಲ ಎಂಬ ಆದೇಶ 2021ರ ಜೂನ್ 1ರಿಂದ ಜಾರಿಯಲ್ಲಿದೆ.

ಈಗ ಶ್ರೀನಿವಾಸಪುರದ ರಸ್ತೆಯಲ್ಲಿ ನಿಮ್ಮನ್ನು ನಿಲ್ಲಿಸಿ "ಹೆಲ್ಮೆಟ್ ಎಲ್ಲಿ?" ಎಂದು ಕೇಳುವ ಪೊಲೀಸಿನವನನ್ನು ನೋಡಿ. ಅವನ ಎದೆಗೆ ಕವಚ ಕೊಡಲೇಬೇಕು ಎನ್ನುವ ಒಂದು ಕಲಂ ನಮ್ಮ ಕಾಯ್ದೆಗಳಲ್ಲಿ ಇಲ್ಲ. 1861ರ ಪೊಲೀಸ್ ಕಾಯ್ದೆಯಲ್ಲಿ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿಯೂ ಇಲ್ಲ. ಕೆಲಸ ಬಿಟ್ಟವನು ಇಲಾಖೆಯ ಆಯುಧ, ಬಟ್ಟೆ, ಸಾಮಾನುಗಳನ್ನು ಹಿಂತಿರುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೆಲಸದಲ್ಲಿರುವಾಗ ಯಾವ ರಕ್ಷಣೆ ಕೊಡಬೇಕೆಂದು ಹೇಳುವುದಿಲ್ಲ. ಕಾರ್ಮಿಕರ ಸುರಕ್ಷತೆಗೆಂದು ಸಂಸತ್ತು 2020ರಲ್ಲಿ ಒಂದು ಹೊಸ ಸಂಹಿತೆ ಮಾಡಿತು. ಅದೂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕಚೇರಿಗಳಿಗೆ ಅನ್ವಯಿಸುವುದಿಲ್ಲ ಎಂದು ಮೊದಲನೇ ಕಲಮಿನಲ್ಲಿಯೇ ಬರೆದಿದೆ.

ಹಾಗಾದರೆ ಕಾನೂನು ಪೊಲೀಸರನ್ನು ಕಾಯುವುದೇ ಇಲ್ಲವೇ ಎಂದು ಕೇಳಬಹುದು. ಕಾಯುತ್ತದೆ, ಆದರೆ ಪೆಟ್ಟು ಬಿದ್ದ ಮೇಲೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರನ ಮೇಲೆ ಕೈ ಮಾಡಿದರೆ ಹಿಂದೆ ಐಪಿಸಿ 353, 332 ಹಾಕುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 132, 121 ಬಂದಿವೆ. ಇವೆಲ್ಲ ಹೊಡೆದವನಿಗೆ ಶಿಕ್ಷೆ ಕೊಡಿಸುವ ಕಲಂಗಳು. ಹೊಡೆತವನ್ನು ತಡೆಯುವ ಕಲಂಗಳಲ್ಲ.

ಇದರ ಹಿಂದೆ ಒಂದು ಕಾರಣವಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಎಂಬುದು ರಾಜ್ಯ ಪಟ್ಟಿಯ ವಿಷಯ. ಯಾವ ಠಾಣೆಗೆ ಏನು ಕೊಡಬೇಕು ಎಂದು ತೀರ್ಮಾನಿಸುವುದು ರಾಜ್ಯ ಸರ್ಕಾರ. ಪೊಲೀಸ್ ಪಡೆಗಳ ಆಧುನೀಕರಣ ಎಂಬ ಯೋಜನೆಯಲ್ಲಿ ಕೇಂದ್ರ 1969-70ರಿಂದಲೂ ನೆರವು ಕೊಡುತ್ತಾ ಬಂದಿದೆ. ಜಾಕೆಟ್, ಹೆಲ್ಮೆಟ್, ವಾಹನ, ವೈರ್‌ಲೆಸ್ ಎಲ್ಲವೂ ಇಂಥ ಅನುದಾನದಿಂದ, ರಾಜ್ಯದ ಬಜೆಟ್‌ನಿಂದ ಬರಬೇಕು. ಕರ್ಣನಿಗೆ ಕವಚ ಹುಟ್ಟಿನಿಂದಲೇ ಬಂದಿತ್ತು. ನಮ್ಮ ಪೇದೆಗೆ ಅದು ಇಂಡೆಂಟ್ ಹಾಕಿ, ಮಂಜೂರಾಗಿ, ಟೆಂಡರ್ ಆಗಿ ಬರಬೇಕು.

ಕವಚ ಎಂದರೆ ಒಂದೇ ವಸ್ತುವಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಕ್ಕಳು ಗಮನ ಕೊಡಬೇಕು. 1965ರಲ್ಲಿ ಅಮೆರಿಕದ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಒಂದು ಹೊಸ ನಾರು ಕಂಡುಹಿಡಿದರು. ಅದೇ ಮುಂದೆ ಕೆವ್ಲಾರ್ ಎಂದು ಹೆಸರಾಯಿತು. ಅಂಥ ನಾರಿನ ಬಟ್ಟೆಯನ್ನು ಹಲವು ಪದರ ಒಟ್ಟಿದರೆ ಪಿಸ್ತೂಲಿನ ಗುಂಡು ಬಲೆಗೆ ಬಿದ್ದ ಮೀನಿನಂತೆ ಸಿಕ್ಕಿಕೊಳ್ಳುತ್ತದೆ. ಅದರ ವೇಗವೆಲ್ಲ ಬಟ್ಟೆಯ ಅಗಲಕ್ಕೆ ಹರಡಿ ಹೋಗುತ್ತದೆ. ರೈಫಲಿನ ಗುಂಡು ಇದನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಮುಂದೆ ಹಿಂದೆ ಸೆರಾಮಿಕ್ ಅಥವಾ ಬೇರೆ ಗಟ್ಟಿ ವಸ್ತುವಿನ ಹಲಗೆ ಇಡಬೇಕು. ಆಗ ತೂಕ ಏರುತ್ತದೆ. ನಮ್ಮ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ 2021ರಲ್ಲಿ ಮಧ್ಯಮ ಅಳತೆಯ ಜಾಕೆಟ್‌ನ ತೂಕವನ್ನು 10.4 ಕೆಜಿಯಿಂದ 9 ಕೆಜಿಗೆ ಇಳಿಸಿದ್ದೇ ದೊಡ್ಡ ಸುದ್ದಿಯಾಯಿತು. ಕೋಲಾರದ ಮಾರ್ಕೆಟ್‌ನಲ್ಲಿ ಒಂದು ಬಾಕ್ಸ್ ಟೊಮೆಟೊ 15 ಕೆಜಿ. ಅದರ ಅರ್ಧಕ್ಕಿಂತ ಹೆಚ್ಚು ಭಾರವನ್ನು ಹೆಗಲಿಗೆ ಹಾಕಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಓಡಬೇಕು ಎಂದರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ.

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಗುಂಡು ತಡೆಯುವ ಬಟ್ಟೆ ಚಾಕು ತಡೆಯುತ್ತದೆ ಎಂದು ಹೇಳಲಾಗದು. ಚೂಪಾದ ಮೊನೆ ನಾರುಗಳ ನಡುವೆ ದಾರಿ ಮಾಡಿಕೊಂಡು ನುಗ್ಗುತ್ತದೆ. ಚಾಕುವಿಗೆ ಬೇರೆ ನೇಯ್ಗೆ, ಬೇರೆ ಪರೀಕ್ಷೆ. ನಮ್ಮ ಕಡೆ ಠಾಣೆಯವರಿಗೆ ಎದುರಾಗುವುದು ಎಕೆ-47 ಅಲ್ಲ. ಮಚ್ಚು, ಲಾಂಗು, ಚಾಕು. 2015ರ ಅಕ್ಟೋಬರ್‌ನಲ್ಲಿ ದೊಡ್ಡಬಳ್ಳಾಪುರ ಪಟ್ಟಣ ಠಾಣೆಯ ಪಿಎಸ್‌ಐ ಜಗದೀಶ್ ಅವರು ಬೈಕ್ ಕಳ್ಳರನ್ನು ಹಿಡಿಯಲು ನೆಲಮಂಗಲಕ್ಕೆ ಹೋದಾಗ ಇರಿತಕ್ಕೆ ಬಲಿಯಾದರು. ನಮ್ಮಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ಹಾಡುಹಗಲಿನ ಸಾಮಾನ್ಯ ಕೆಲಸದಲ್ಲಿ ನಡೆದದ್ದು. 2014ರ ಜನವರಿಯಲ್ಲಿ ಕಲಬುರಗಿಯ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಅವರು ಭೂಗತ ಲೋಕದ ಒಬ್ಬ ಆರೋಪಿಯನ್ನು ಹಿಡಿಯಲು ಹೋಗಿ ತಲೆಗೆ ಗುಂಡು ತಗುಲಿ, ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ತಲೆಗೆ ಬಿದ್ದ ಗುಂಡನ್ನು ಎದೆಯ ಜಾಕೆಟ್ ತಡೆಯಲಾರದು, ಅದಕ್ಕೆ ಬೇರೆ ಹೆಲ್ಮೆಟ್ ಬೇಕು. ಆದ್ದರಿಂದ "ಜಾಕೆಟ್ ಕೊಟ್ಟಿದ್ದೇವೆ" ಎಂಬ ಉತ್ತರ ಸಾಲದು. ಯಾವ ಅಪಾಯಕ್ಕೆ ಯಾವ ಕವಚ ಎಂದು ಕೇಳಬೇಕು.

ಇನ್ನು ಗುಣಮಟ್ಟದ ಮಾತು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಪ್ರಾಣ ಕೊಟ್ಟರು. ಎಎಸ್‌ಐ ತುಕಾರಾಮ್ ಓಂಬ್ಳೆ ಅವರು ಲಾಠಿ ಬಿಟ್ಟರೆ ಬೇರೇನೂ ಇಲ್ಲದೆ ಕಸಬ್‌ನನ್ನು ತಬ್ಬಿ ಹಿಡಿದು ಸತ್ತರು. ಕರ್ಕರೆಯವರು ತೊಟ್ಟಿದ್ದ ಜಾಕೆಟ್ ಎಂಥದ್ದು ಎಂದು ಅವರ ಪತ್ನಿ ಕವಿತಾ ಕರ್ಕರೆ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಆ ಜಾಕೆಟ್ಟೇ ಕಾಣೆಯಾಗಿದೆ ಎಂದು ತಿಳಿಯಿತು. ದೇಶವೆಲ್ಲ ಆಗ ಪೊಲೀಸರ ಜಾಕೆಟ್‌ಗಳ ಗುಣಮಟ್ಟದ ಬಗ್ಗೆ ಮಾತನಾಡಿತು. ಆದರೂ ಭಾರತೀಯ ಮಾನಕ ಬ್ಯೂರೋ ಗುಂಡು ನಿರೋಧಕ ಜಾಕೆಟ್‌ಗೆ ನಮ್ಮದೇ ಮಾನಕ ಪ್ರಕಟಿಸಲು 2018ರವರೆಗೆ ಬೇಕಾಯಿತು. ಅದರ ಸಂಖ್ಯೆ ಐಎಸ್ 17051. ಅದರಲ್ಲಿ ಆರು ಹಂತಗಳಿವೆ. ಕೆಳಗಿನ ಹಂತ ಪಿಸ್ತೂಲಿನಂಥ ಗುಂಡಿಗೆ, ಮೇಲಿನದು ಉಕ್ಕನ್ನು ಸೀಳುವ ರೈಫಲ್ ಗುಂಡಿಗೆ.

ಗುಂಡು ಒಳಗೆ ಹೋಗದಿದ್ದರೆ ಸಾಕು ಎಂದು ನಾವು ತಿಳಿಯುತ್ತೇವೆ. ಅಷ್ಟು ಸಾಲದು. ಜಾಕೆಟ್ ಒಳಕ್ಕೆ ಒತ್ತಿ ಪಕ್ಕೆಲುಬು ಮುರಿಯಬಹುದು, ಒಳಗೆ ರಕ್ತಸ್ರಾವವಾಗಬಹುದು. ಅದಕ್ಕೆ ಪರೀಕ್ಷೆಯಲ್ಲಿ ಜಾಕೆಟ್ ಹಿಂದೆ ಜೇಡಿಮಣ್ಣಿನಂಥ ವಸ್ತುವನ್ನು ಇಟ್ಟು ಗುಳಿ ಎಷ್ಟು ಬಿದ್ದಿತು ಎಂದು ಅಳೆಯುತ್ತಾರೆ. ಅಮೆರಿಕದ ಮಾನಕದಲ್ಲಿ ಆ ಗುಳಿ 44 ಮಿ.ಮೀ. ಮೀರಬಾರದು.

ಮಾನಕ ಬಂದಮೇಲೆ ಎಲ್ಲ ಸರಿಹೋಯಿತೇ? ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. 2016ರ ಬಿಐಎಸ್ ಕಾಯ್ದೆಯ ಪ್ರಕಾರ, ಸರ್ಕಾರ ಪ್ರತ್ಯೇಕವಾಗಿ ಆದೇಶ ಹೊರಡಿಸದಿದ್ದರೆ ಮಾನಕ ಎಂಬುದು ಐಚ್ಛಿಕ. ಹೆಲ್ಮೆಟ್‌ಗೆ ಅಂಥ ಆದೇಶ ಬಂತು, ಆದ್ದರಿಂದ ಅದು ಕಡ್ಡಾಯವಾಯಿತು. ಆದೇಶವಿಲ್ಲದ ಕಡೆ ಮಾನಕಕ್ಕೆ ಬಲ ಬರುವುದು ಟೆಂಡರ್ ಕಾಗದದಿಂದ. ಕರ್ನಾಟಕದಲ್ಲಿ ಸರ್ಕಾರಿ ಖರೀದಿ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯ ಕೆಳಗೆ. ಆ ಟೆಂಡರಿನಲ್ಲಿ "ಐಎಸ್ 17051, ಇಂಥ ಹಂತ, ಪ್ರತಿ ಕಂತಿನಿಂದ ಮಾದರಿ ತೆಗೆದು ಪರೀಕ್ಷೆ" ಎಂದು ಬರೆದರೆ ಅದು ಸರಬರಾಜುದಾರನನ್ನು ಕಟ್ಟಿಹಾಕುವ ಷರತ್ತಾಗುತ್ತದೆ. ಬರೆಯದಿದ್ದರೆ ಕಡಿಮೆ ಬೆಲೆ ಹೇಳಿದವನು ಗೆಲ್ಲುತ್ತಾನೆ. ಒಬ್ಬ ಪೇದೆಯ ಪ್ರಾಣ ಇಂಥ ಒಂದು ಸಾಲಿನ ಮೇಲೆ ನಿಂತಿರಬಹುದು.

ಒಳ್ಳೆಯ ಜಾಕೆಟ್ಟೂ ಹಳತಾಗುತ್ತದೆ. ಅಮೆರಿಕದಲ್ಲಿ ಜೈಲಾನ್ ಎಂಬ ನಾರಿನ ಜಾಕೆಟ್‌ಗಳು ಹೊಸದಾಗಿದ್ದಾಗ ಪರೀಕ್ಷೆ ಪಾಸಾಗಿದ್ದವು. 2003ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಅಧಿಕಾರಿಯ ಮೈಮೇಲಿದ್ದ ಅಂಥ ಜಾಕೆಟ್ ಅನ್ನು ಅದು ತಡೆಯಬೇಕಿದ್ದ ಗುಂಡೇ ತೂರಿತು. ಶಾಖ, ತೇವದಲ್ಲಿ ಆ ನಾರು ಬೇಗ ಬಲ ಕಳೆದುಕೊಳ್ಳುತ್ತದೆ ಎಂದು ಗೊತ್ತಾಗಿ 2005ರಲ್ಲಿ ಅದಕ್ಕೆ ಕೊಟ್ಟಿದ್ದ ಮಾನ್ಯತೆ ಹಿಂತೆಗೆದರು. ನಾನು ಕೆಲಸ ಮಾಡಿದ ಒಂದು ಠಾಣೆಯಲ್ಲಿ ಜಾಕೆಟ್‌ಗಳು ಟ್ರಂಕಿನೊಳಗೆ ಮಡಿಚಿ ಬಿದ್ದಿದ್ದವು. ಒಂದರ ಹಲಗೆ ಬಿರುಕು ಬಿಟ್ಟಿತ್ತು. ತಯಾರಾದ ವರ್ಷದ ಚೀಟಿ ಅಳಿಸಿ ಹೋಗಿತ್ತು. ಆದರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಲೆಕ್ಕ ಸರಿಯಾಗಿತ್ತು! ಎಣಿಕೆಗೆ ಸಿಗುವ ಜಾಕೆಟ್ಟೆಲ್ಲ ಗುಂಡಿಗೆ ನಿಲ್ಲುವ ಜಾಕೆಟ್ ಅಲ್ಲ.

ಬೇರೆ ದೇಶಗಳು ಈ ಗಂಟನ್ನು ಹೇಗೆ ಬಿಡಿಸಿವೆ ನೋಡಿ. ಬ್ರಿಟನ್ನಿನಲ್ಲಿಯೂ ಕಾನೂನಿನ ದೃಷ್ಟಿಯಲ್ಲಿ ಪೊಲೀಸಿನವನು ಸಾಮಾನ್ಯ ನೌಕರನಲ್ಲ. ಆದ್ದರಿಂದ 1974ರ ಕೆಲಸದ ಸುರಕ್ಷತಾ ಕಾಯ್ದೆಯಿಂದ ಅವನು ಹೊರಗುಳಿದಿದ್ದ. 1997ರಲ್ಲಿ ಅವರು ಪೊಲೀಸರಿಗೆಂದೇ ಒಂದು ಚಿಕ್ಕ ಕಾಯ್ದೆ ಮಾಡಿ ಆ ರಕ್ಷಣೆಯನ್ನು ಅವನಿಗೂ ವಿಸ್ತರಿಸಿದರು. ಅಲ್ಲಿಂದ ಮುಂದೆ ರಕ್ಷಣಾ ಸಾಮಗ್ರಿಯನ್ನು ಉಚಿತವಾಗಿ ಕೊಡುವುದು, ಮೈಗೆ ಹೊಂದುವಂತೆ ನೋಡುವುದು, ಸುಸ್ಥಿತಿಯಲ್ಲಿ ಇಡುವುದು ಇಲಾಖೆಯ ಕಾನೂನುಬದ್ಧ ಹೊಣೆಯಾಯಿತು. ಇವತ್ತು ಅಲ್ಲಿ ಬೀಟ್‌ಗೆ ಹೋಗುವ ಪೇದೆ ಚಾಕು ತಡೆಯುವ ಕವಚ ತೊಟ್ಟೇ ಹೋಗುತ್ತಾನೆ. ಅಮೆರಿಕ ಇನ್ನೊಂದು ದಾರಿ ಹಿಡಿಯಿತು. 1998ರ ಕಾಯ್ದೆಯಲ್ಲಿ ಕವಚದ ಅರ್ಧ ಬೆಲೆಯವರೆಗೆ ಕೇಂದ್ರವೇ ಕೊಡಲು ಒಪ್ಪಿತು. ಆಮೇಲೆ, ಕರ್ತವ್ಯದಲ್ಲಿ ಕವಚ ಧರಿಸುವುದು ಕಡ್ಡಾಯ ಎಂಬ ಲಿಖಿತ ನಿಯಮ ಇರುವ ಇಲಾಖೆಗೆ ಮಾತ್ರ ಆ ಹಣ ಎಂಬ ಷರತ್ತು ಹಾಕಿತು. ಕೊಡುವ ಹೊಣೆ ಸರ್ಕಾರದ್ದು, ತೊಡುವ ಹೊಣೆ ಪೊಲೀಸಿನವನದು.

ನಮ್ಮಲ್ಲಿ ಇದನ್ನು ಪೊಲೀಸರೇ ಏಕೆ ಕೇಳುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ಶಿಕ್ಷಕರಿಗೆ ಸಂಘವಿದೆ, ಬಸ್ಸಿನವರಿಗೆ ಸಂಘವಿದೆ. ಪೊಲೀಸರು ಕಾರ್ಮಿಕ ಸಂಘ ಕಟ್ಟಲು, ಪತ್ರಿಕೆಯವರ ಮುಂದೆ ಮಾತನಾಡಲು 1966ರ ಕಾಯ್ದೆಯೊಂದು ಕಡಿವಾಣ ಹಾಕಿದೆ. ಶಿಸ್ತಿನ ಪಡೆಗೆ ಅದು ಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಬಾಯಿ ಕಟ್ಟಿದವರ ಪರವಾಗಿ ಬಾಯಿ ಇರುವವರು ಕೇಳಬೇಕು. ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಕೆಲಸಗಾರನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದಿತು. ಖಾಕಿ ತೊಟ್ಟ ಕೂಡಲೇ ಆ ಹಕ್ಕು ಕಳಚಿ ಬೀಳಬಾರದು.

ಊರಿನವರು ಮಾಡಬಹುದಾದದ್ದು ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಎಷ್ಟು ಜಾಕೆಟ್ ಇವೆ, ಎಲ್ಲಿವೆ ಎಂದು ಕೇಳಿದರೆ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಬಹುದು, ಅದು ತಪ್ಪೂ ಅಲ್ಲ. ಖರೀದಿಯಲ್ಲಿ ಯಾವ ಮಾನಕ ಹೇಳಿದ್ದೀರಿ, ಹಳೆಯದನ್ನು ಎಷ್ಟು ವರ್ಷಕ್ಕೆ ಬದಲಾಯಿಸುತ್ತೀರಿ, ಮಹಿಳಾ ಸಿಬ್ಬಂದಿಯ ಅಳತೆಗೆ ಇವೆಯೇ, ಚಾಕು ತಡೆಯುವಂಥವು ಇವೆಯೇ ಎಂದು ಕೇಳಿ. ಇದನ್ನೇ ನಮ್ಮ ಶಾಸಕರು ಸದನದಲ್ಲಿ ಪ್ರಶ್ನೆಯಾಗಿ ಕೇಳಲಿ. ಕರ್ನಾಟಕ ಪೊಲೀಸ್ ಕಾಯ್ದೆಗೆ ಒಂದು ಕಲಂ ಸೇರಿಸಿದರೆ ಸಾಕು: ಅಪಾಯಕ್ಕೆ ತಕ್ಕ, ಮಾನಕಕ್ಕೆ ಒಪ್ಪುವ, ಅವಧಿ ಮೀರದ ಕವಚವನ್ನು ಸರ್ಕಾರ ಕೊಡತಕ್ಕದ್ದು, ಸಿಬ್ಬಂದಿ ತೊಡತಕ್ಕದ್ದು.

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸತ್ತ ಹತ್ತು ಮಂದಿಯ ನೆನಪಿಗೆ ಅದು ಶುರುವಾಯಿತು. ಅಂದು ಆ ವರ್ಷ ಸತ್ತವರ ಹೆಸರು ಓದುತ್ತಾರೆ, ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ನಾವು ತಲೆ ಬಾಗಿಸುತ್ತೇವೆ. ಆ ಪಟ್ಟಿ ಚಿಕ್ಕದಾಗಬೇಕೆಂದರೆ ಉಳಿದ ದಿನಗಳಲ್ಲಿ ಈ ಕೆಲಸ ಆಗಬೇಕು.

ಮಕ್ಕಳೇ, ನಿಮ್ಮಲ್ಲಿ ಪೊಲೀಸ್ ಕೆಲಸಕ್ಕೆ ಹೋಗುವವರು ಧೈರ್ಯವಾಗಿ ಹೋಗಿ. ಕವಚ ಕೊಟ್ಟರೆ ಬಿಸಿಲೆಂದು, ಭಾರವೆಂದು ಜೀಪಿನಲ್ಲಿ ಬಿಟ್ಟು ಇಳಿಯಬೇಡಿ. ಕೊಡದಿದ್ದರೆ ಲಿಖಿತವಾಗಿ ಕೇಳಿ, ಅದರ ಪ್ರತಿ ಇಟ್ಟುಕೊಳ್ಳಿ. ಕಾನೂನು ಓದಲು ಹೋಗುವವರು ನಾನು ಹೇಳಿದ ಆ ಒಂದು ಕಲಂ ಬರೆಯುವ ಕೆಲಸವನ್ನು ನೆನಪಿಡಿ.